ಈಜುಹೊಂಡದ ಒಂಬತ್ತು ಕಣ್ಣು

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ಹಾಲುಹಲ್ಲು ಬೀಳದ ಕಾಲದಲ್ಲಿ, ಎರೆಹೊಲದ ಸೀಮೆಯಲ್ಲಿ ಒಂದು ಊರಿತ್ತಂತೆ. ಊರ ಪಕ್ಕ ಒಂದು ಹಳ್ಳ. ಬೇಸಿಗೆಯಲ್ಲಿ ಕೋಳಿಮರಿ ದಾಟುವಷ್ಟು ನೀರು, ಮಳೆಗಾಲದಲ್ಲಿ ಎತ್ತನ್ನೇ ನುಂಗುವಷ್ಟು. ಒಂದೇ ವರ್ಷ ಐದು ಮಕ್ಕಳನ್ನು ಒಯ್ದಿತಂತೆ. ಆಗ ಊರ ಗೌಡ, ಮಕ್ಕಳು ಈಜು ಕಲಿಯಲೆಂದು ನೆಲದೊಳಗೆ ಒಂದು ಹೊಂಡ ಕಟ್ಟಿಸಲು ಕಲ್ಲುಕೆಲಸದ ಯಂಕವ್ವನನ್ನು ಕರೆಸಿದನಂತೆ.

ಯಂಕವ್ವ ಗಂಡ ಸತ್ತವಳು. ಸೊಂಟದಲ್ಲಿ ಮಗಳು ದುರಗಿ, ಹೆಗಲ ಮೇಲೆ ಹಾರೆ. ಕಲ್ಲಿಗೆ ಕಿವಿ ಹಚ್ಚಿದರೆ ಅದರ ಹೊಟ್ಟೆಯೊಳಗಿನ ಬಿರುಕು ಕೇಳುತ್ತಿತ್ತಂತೆ ಅವಳಿಗೆ. ಹೆಂಗಸು ಗೋಡೆ ಕಟ್ಟುವುದೇ ಎಂದು ನಕ್ಕವರಿದ್ದರು. ಅವರು ನಗುತ್ತ ಕೂತರು, ಅವಳು ಮೂರಾಳು ಆಳ ಅಗೆಸಿದಳು. ಅವರು ಇನ್ನೂ ನಗುತ್ತಿದ್ದರು, ಅವಳು ನಾಲ್ಕು ಬದಿಗೂ ಕಲ್ಲು ಕಟ್ಟಿ, ಹಿಂದೆ ಗರಸು ತುಂಬಿ, ಗಾರೆ ಬಳಿದಳು. ಹಳ್ಳದ ಕಡೆಯ ಗೋಡೆಯಲ್ಲಿ ಮಾತ್ರ, ನೀರು ನಿಲ್ಲುವ ಗೆರೆಗಿಂತ ತುಸು ಮೇಲೆ, ತೋಳು ತೂರುವಷ್ಟು ಅಗಲದ ಒಂಬತ್ತು ತೂತು ಬಿಟ್ಟಳಂತೆ. ಅವಕ್ಕೆ ಕಣ್ಣು ಎಂದಳು.

ಎರೆಮಣ್ಣು ಮಳೆ ಕುಡಿದು ಉಬ್ಬುತ್ತದೆ, ಗೋಡೆಯನ್ನು ಹಿಂದಿನಿಂದ ನೂಕುತ್ತದೆ. ಹಿಂದಿನ ನೀರು ಕಣ್ಣಿನಿಂದ ಇಳಿಯಬೇಕು. ಹೊಂಡದ ನೀರು ಈ ಕಡೆಯಿಂದ ಗೋಡೆಗೆ ಆಸರೆ ಕೊಡಬೇಕು. ಆದ್ದರಿಂದ ಕಣ್ಣು ಮುಚ್ಚಬೇಡಿ, ಮಳೆಗಾಲದಲ್ಲಿ ಹೊಂಡ ಬತ್ತಿಸಬೇಡಿ ಎಂದು ಊರಿಗೆಲ್ಲ ಹೇಳಿದಳಂತೆ.

ಏಳು ವರ್ಷ ಎಲ್ಲ ಸರಿಯಿತ್ತು. ಒಂದು ದಿನ ಗೌಡನ ತಾಯಿ ನೀಲಗಂಗವ್ವ ಮೀಯುವಾಗ ಒಂದು ಕಣ್ಣಿನಿಂದ ನಾಗರಹಾವು ಇಣುಕಿತಂತೆ. ಒಂಬತ್ತೂ ಕಣ್ಣು ಮುಚ್ಚಿಸು ಎಂದು ಅವಳು ಮಗನ ಬೆನ್ನು ಹತ್ತಿದಳು. ಯಂಕವ್ವ ಹೋಗಿ ಕೈ ಮುಗಿದಳಂತೆ.

"ಹಾವು ಕಡಿದ್ರ ಒಬ್ಬರನ್ನ ಕಡೀತೈತ್ರೀ ಅವ್ವಾರ. ಗ್ವಾಡಿ ಕಡಿದ್ರ ಎಣಸಾಕೂ ಯಾರೂ ಉಳಿಯಂಗಿಲ್ಲ."

"ನಿನ್ನ ಬಾಯಿಗೂ ಒಂದು ಮುಷ್ಟಿ ಗಾರಿ ಹಾಕಸ್ತೀನಿ, ನಡಿ."

ಬೇರೆ ಆಳು ಬಂದ. ಒಂಬತ್ತೂ ಕಣ್ಣಿಗೆ ಕಲ್ಲು ತುರುಕಿ ಗಾರೆ ಮೆತ್ತಿದ. ದೊಡ್ಡ ಮನೆಯ ಅಂಜಿಕೆಗೆ ಊರೆಲ್ಲ ಅಂಜುತ್ತದೆ.

ಆ ಶ್ರಾವಣದಲ್ಲಿ ಹನ್ನೊಂದು ದಿನ ಮಳೆ ಬಿಡಲಿಲ್ಲವಂತೆ. ಹನ್ನೆರಡನೆಯ ದಿನ ಬಿಸಿಲು ಬಿತ್ತು, ನೀಲಗಂಗವ್ವ ಮೀಯಲು ಬಂದಳು, ಅವಳ ಮುತ್ತಿನ ನತ್ತು ಹೊಂಡಕ್ಕೆ ಬಿತ್ತು. ಎರಡು ಜೋಡಿ ಎತ್ತು ಹೂಡಿ, ಕಪಿಲೆ ಕಟ್ಟಿ ನೀರೆಲ್ಲ ಎತ್ತಿಸಿದರು. ಕೆಳಗೆ ಹೂಳು. ದೊಡ್ಡವರು ಇಳಿದರೆ ತೊಡೆಮಟ ಹೂತುಹೋಗುತ್ತಿದ್ದರು. ನತ್ತು ಹುಡುಕಿದವರಿಗೆ ಬೆಲ್ಲದ ಅಚ್ಚು ಎಂದು ಮಕ್ಕಳನ್ನು ಇಳಿಸಿದರಂತೆ. ಹದಿನೆಂಟು ಮಕ್ಕಳು. ದುರಗಿಯೂ ಇದ್ದಳು.

ಮಳೆಗಾಲದಲ್ಲಿ ಕಪಿಲೆಯ ಗಾಲಿ ಕಿರುಗುಟ್ಟುವುದು ಕೇಳಿ ಯಂಕವ್ವ ಓಡಿಬಂದಳು. ಗೋಡೆಗೆ ಕಿವಿ ಹಚ್ಚಿದಳು. ಮುಖ ಸುಣ್ಣವಾಯಿತಂತೆ. ಮುದುಕಿ ಹಲ್ಲು ಕಡಿಯುವಂಥ ಸದ್ದು ಕೇಳಿತು ಅನ್ನುತ್ತಾರೆ ಕೆಲವರು. ಏನೂ ಕೇಳಲಿಲ್ಲ, ಅದಕ್ಕೇ ಹೆದರಿದಳು ಅನ್ನುತ್ತಾರೆ ಕೆಲವರು.

ಅವಳು ಕೂಗಲಿಲ್ಲ. ಕೂಗಿದರೆ ಮಕ್ಕಳು ಗಾಬರಿಯಾಗಿ ಹೂಳಿನಲ್ಲಿ ಬೀಳುತ್ತಿದ್ದರು. ಎದುರು ಬದಿಗೆ ಮೆಟ್ಟಿಲು, ಒಬ್ಬೊಬ್ಬರೇ ಹತ್ತುವಷ್ಟು ಕಿರಿದು. ಮಗಳಿಗೆ ಮೆಲ್ಲಗೆ ಹೇಳಿದಳಂತೆ:

"ಸಣ್ಣವರನ್ನ ಮುಂದ ಬಿಡವ್ವಾ. ನೀ ಕಡೀಕ ಬಾ."

ಹೆತ್ತ ತಾಯಿ ಹಾಗಂದಳು. ಆಮೇಲೆ ಹಾರೆ ಹಿಡಿದು ಕಣ್ಣುಗಳ ಕೆಳಗೆ ಚಾಚಿದ್ದ ಅಂಚುಗಲ್ಲಿನ ಮೇಲೆ ಇಳಿದಳು. ಮೊದಲ ಕಣ್ಣು ಒಡೆದಳು, ಕೆಸರು ಚಿಮ್ಮಿತು. ಎರಡನೆಯದು ಒಡೆದಳು, ಮೂರನೆಯದು ಒಡೆದಳು. ಆ ಕಡೆ ಮಕ್ಕಳು ಹತ್ತುತ್ತಿದ್ದರು. ಐದನೆಯ ಕಣ್ಣಿನಲ್ಲಿ ಗಾರೆಯ ಹಿಂದೆ ಸಿಕ್ಕಿಕೊಂಡಿದ್ದ ಹಾವು ಮುಂಗೈಗೆ ಕಡಿಯಿತಂತೆ. ಕೊಡವಿ ಆರನೆಯದಕ್ಕೆ ಹಾರೆ ಹಾಕಿದಳಂತೆ. ಏಳು. ಎಂಟು. ದುರಗಿಯ ಕಾಲು ಕೊನೆಯ ಮೆಟ್ಟಿಲಿನ ಮೇಲಿತ್ತು. ತಾಯಿಯ ಹಾರೆ ಒಂಬತ್ತನೆಯ ಕಣ್ಣಿನ ಮೇಲಿತ್ತು.

ಎಂಟು ಕಣ್ಣಿನ ಗೋಡೆ ನಿಂತಿತು. ಒಂಬತ್ತನೆಯ ಕಣ್ಣಿನ ಗೋಡೆ ಯಂಕವ್ವನ ಮೇಲೆ ಬಿತ್ತು.

ನತ್ತು ಸಿಕ್ಕಿತೋ ಇಲ್ಲವೋ, ಯಾರೂ ಕೇಳಲಿಲ್ಲ. ಬಿದ್ದ ಗೋಡೆಯನ್ನು ದುರಗಿಯೇ ದೊಡ್ಡವಳಾಗಿ ಕಟ್ಟಿದಳಂತೆ, ಅದೇ ಹಾರೆಯಿಂದ, ಅದೇ ಜಾಗದಲ್ಲಿ ಕಣ್ಣು ಬಿಟ್ಟು.

ಈಗಲೂ ಆ ಊರಿನಲ್ಲಿ ಮಳೆಗಾಲದಲ್ಲಿ ಹೊಂಡ ಬತ್ತಿಸುವುದಿಲ್ಲ. ಈಗಲೂ ಈಜಿ ಮೇಲೆ ಬರುವಾಗ ಸಣ್ಣವರು ಮೊದಲು, ದೊಡ್ಡವರು ಕೊನೆಗೆ. ಮಗು ಮೊದಲ ಸಲ ನೀರಿಗೆ ಇಳಿಯುವ ಮುಂಚೆ ಅದರ ತಾಯಿ ಒಂಬತ್ತನೆಯ ಕಣ್ಣಿನೊಳಗೆ ಮೊಳಕೈತನಕ ಬರಿಗೈ ಹಾಕಿ ಹೂಳು ತೆಗೆಯಬೇಕು. ಕೋಲು ಹಾಕುವಂತಿಲ್ಲ, ಕೋಲು ಹೂಳನ್ನು ಇನ್ನೂ ಒಳಗೆ ತುರುಕುತ್ತದೆ. ಒಳಗೆ ಕತ್ತಲು. ತಣ್ಣಗೆ ಏನೋ ಬೆರಳಿಗೆ ತಾಗುತ್ತದೆ. ಬೇರಿರಬಹುದು, ಬೇರಲ್ಲದೆಯೂ ಇರಬಹುದು.

ದಂಡೆಯ ಮೇಲಿನ ಹೆಂಗಸರು ಕೇಳುತ್ತಾರೆ, "ಏನೈತಿ ಒಳಗ?"

ಕೈ ಎಳೆದುಕೊಳ್ಳದೆ ತಾಯಿ ಹೇಳಬೇಕು, "ಏನಿದ್ರೂ ನನ್ನೊಬ್ಬಾಕೀಗಿ."

ಆಮೇಲೆಯೇ ಮಗುವನ್ನು ನೀರಿಗೆ ಬಿಡುತ್ತಾರೆ.