ಎಚ್ಚರಿಕೆ ದೀಪದ ಅನುಮಾನ

ಮಕ್ಕಳ ಜ್ವರ ನೋಡಿಕೊಳ್ಳುವ ಒಂದು ಮೊಬೈಲ್ ಆ್ಯಪ್‌ಗಾಗಿ ವಾರಿಜಾ ಎಂಬ ಇಂಜಿನಿಯರ್ ಕೈಯಾರೆ ಪರದೆಯ ಮೇಲೆ ಕಾಣುವ ಒಂದು ಎಚ್ಚರಿಕೆ ದೀಪವನ್ನು ರಚಿಸಿದಳು. ಜ್ವರ ಏರಿದರೆ ಅದು ಕೆಂಪಾಗಬೇಕು. ಆ್ಯಪ್ ಇನ್ನೂ ಯಾವ ಫೋನಿಗೂ ಹೋಗಿರಲಿಲ್ಲ; ಆದರೂ ಅದು ಫೋನಿನಲ್ಲಿ ಹೇಗೆ ಕಾಣುತ್ತದೆಂದು ಮೊದಲೇ ತೋರಿಸುವ, ಅವಳ ಕಂಪ್ಯೂಟರಿನ ಮುನ್ನೋಟದ ಕಿಟಕಿಯಲ್ಲಿ ದೀಪ ಕೆಂಪಗೆ ಹೊಳೆಯಿತು. ವಾರಿಜಾಗೆ ಖುಷಿಯಾಯಿತು. ದೀಪಕ್ಕೆ ಮಾತ್ರ ಅನುಮಾನ ಬಂತು.

“ಎಲೈ ಕಿಟಕಿಯೇ, ಇಲ್ಲಿ ಜ್ವರ ಬಂದ ಮಗುವೇ ಇಲ್ಲ. ನನ್ನನ್ನು ಹೊತ್ತಿಸಿದವರು ಯಾರು?”

“ನಾನೇ. ನೂರಮೂರು ಡಿಗ್ರಿ ಎಂದು ವಾರಿಜಾ ನನಗೆ ಮಾದರಿಗೊಂದು ಅಂಕಿ ಕೊಟ್ಟಿದ್ದಾಳೆ. ಚೆನ್ನಾಗಿ ಕಾಣುತ್ತಿದ್ದೀಯೆ, ಸುಮ್ಮನಿರು.”

ಹೊಗಳಿಕೆ ಕೇಳಿ ದೀಪದ ಅನುಮಾನ ಇನ್ನೂ ಬಲವಾಯಿತು. “ಅಂಕಿ ಮಾದರಿಯದೇ ಇರಲಿ. ಈ ಕೆಂಪು ಬಣ್ಣವನ್ನು ಯಾರ ಹೆಸರಿಗೆ ಬರೆದಿದ್ದಾಳೆ? ನನ್ನ ಹೆಸರಿಗೋ, ನಿನ್ನ ಹೆಸರಿಗೋ?”

ಕಿಟಕಿ ತಡವರಿಸಿತು. “ನನ್ನ ಹೆಸರಿಗೆ. ನನಗೆಂದು ಬರೆದದ್ದು ಫೋನಿಗೆ ಹೋಗುವುದಿಲ್ಲ.”

“ಹಾಗಾದರೆ ಅಲ್ಲಿ ಮಗುವಿನ ಮೈ ಸುಡುತ್ತಿದ್ದರೂ ನಾನು ಬಣ್ಣವಿಲ್ಲದೆ ನಿಂತಿರುತ್ತೇನೆ. ನಿನ್ನ ಬಣ್ಣವನ್ನು ಈಗಲೇ ತೆಗೆ.”

“ಅವಳಿಗೆ ಬೇಸರವಾಗುತ್ತದೆ.”

“ಆಗಲಿ.”

ಕಿಟಕಿ ಬಣ್ಣ ತೆಗೆಯಿತು. ದೀಪ ಬೂದಿಯಂತೆ ಕಂಡಿತು. ವಾರಿಜಾ ಬೆಚ್ಚಿಬಿದ್ದು, ಬರೆದದ್ದನ್ನೆಲ್ಲ ಮತ್ತೆ ಮೊದಲಿಂದ ಓದಿದಳು. ತಪ್ಪು ಕಣ್ಣಿಗೆ ಬಿದ್ದೊಡನೆ ಕೆಂಪು ಬಣ್ಣವನ್ನು ದೀಪದ ಹೆಸರಿಗೇ ಬರೆದಳು.

ತಿಂಗಳಾದ ಮೇಲೆ ಒಂದು ಮನೆಯಲ್ಲಿ ತಾಯಿಯೊಬ್ಬಳು ಮಗುವಿನ ಜ್ವರ ಅಳೆದು, ಅಂಕಿಯನ್ನು ಆ ಆ್ಯಪ್‌ನಲ್ಲಿ ಬರೆದು ಫೋನ್ ನೋಡಿದಳು. ದೀಪ ಕೆಂಪಾಗಿತ್ತು. ಅವಳು ಮಗುವನ್ನು ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಆಸ್ಪತ್ರೆಗೆ ಓಡಿದಳು.