ಮಂತ್ರಿ ತಂದ ಮಣೆ

“ಗುರವ್ವ, ಊರ ದೊಡ್ಡವರು ನನ್ನನ್ನು ಪಂಚಾಯಿತಿಗೆ ಗೆಲ್ಲಿಸಿದ್ದಾರೆ. ಗೆಲ್ಲಿಸಿದವರ ಎದುರಿಗೇ ಒಂದು ದಿನ ಆಗಲ್ಲ ಅನ್ನಬೇಕಾಗಿ ಬಂದರೆ ಹೇಗೆ ಅನ್ನಲಿ?” ಎಂದು ಶಿಷ್ಯೆ ಕೇಳಿದಳು.

ಗುರವ್ವ ಹೇಳಿದಳು: ನಿಂತುಕೊಂಡು ಕೇಳುವ ಮಾತಲ್ಲ ಅದು. ಬಾ ಮಗಳೆ, ಹೀಗೆ ಹತ್ತಿರ ಕೂತುಕೋ. ಕತೆ ದೂರದ್ದು, ಆಫ್ರಿಕಾ ಖಂಡದ್ದು.

ಅಲ್ಲೊಂದು ದೇಶ. ಬಿಳಿಯರು ಬಿಟ್ಟುಹೋಗಿ ಆಗಷ್ಟೇ ಸ್ವಾತಂತ್ರ್ಯ ಬಂದಿತ್ತು. ದನ ಕಾಯುವವರ ಮನೆಯ ಒಬ್ಬ ಮೇಷ್ಟರು ಮಂತ್ರಿಯಾದ. ಅವನ ಸೀಮೆಯಲ್ಲಿ ಹಿರಿಯರು ಸಭೆಗೆ ಹೊರಟರೆ ತಮ್ಮ ತಮ್ಮ ಮೂರು ಕಾಲಿನ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುವುದು ವಾಡಿಕೆ. ಇನ್ನೊಬ್ಬನ ಮಣೆಯ ಮೇಲೆ ಕೂತವನು ಆವತ್ತು ಬಾಯಿ ಬಿಡುವ ಹಾಗಿಲ್ಲ.

ಮಂತ್ರಿ ರಾಜಧಾನಿಗೂ ಮಣೆ ತಂದ. ದೇಶದ ಅಧ್ಯಕ್ಷ ಎಲ್ಲ ಮಂತ್ರಿಗಳಿಗೂ ಚರ್ಮದ ಕುರ್ಚಿ ಮಾಡಿಸಿಕೊಟ್ಟಿದ್ದ. ಇವನು ತನ್ನ ಕುರ್ಚಿಯನ್ನು ಗೋಡೆಗೆ ಸರಿಸಿ ಮಣೆಯ ಮೇಲೆ ಕೂತ. ಮೇಜಿನಾಚೆ ತಲೆಯೊಂದೇ ಕಾಣುತ್ತಿತ್ತು.

“ಏನಪ್ಪಾ, ಹಾಲು ಕರೆಯೋಕೆ ಬಂದೆಯಾ?” ಎಂದ ಹಣಕಾಸಿನ ಮಂತ್ರಿ.

ಎಲ್ಲರೂ ನಕ್ಕರು. ಇವನೂ ನಕ್ಕ. ಮಣೆ ಮಾತ್ರ ಬಿಡಲಿಲ್ಲ. ಊರೂರಿಗೆ ಶಾಲೆ ಕಟ್ಟಿಸಿದ, ಆಸ್ಪತ್ರೆ ಮಾಡಿಸಿದ. ಖಾತೆ ಎಷ್ಟು ಸಲ ಬದಲಾದರೂ ಅದೇ ಮಣೆ.

ಕಾಲ ಕಳೆಯಿತು. ಇನ್ನು ಚುನಾವಣೆಯೇ ಬೇಡ, ಸಾಯುವ ತನಕ ತಾನೇ ಇರಬೇಕು ಎಂದು ಅಧ್ಯಕ್ಷನಿಗೆ ಆಸೆ ಹುಟ್ಟಿತು. ಮಂತ್ರಿಗಳನ್ನೆಲ್ಲ ಕರೆಸಿ, ಒಪ್ಪದವರು ತಾನು ಕೊಟ್ಟ ಕುರ್ಚಿ ಬಿಟ್ಟು ಏಳಬಹುದು ಎಂದ. ಸುದ್ದಿ ಮೊದಲೇ ಕಿವಿಗೆ ಬಿದ್ದು, ಒಪ್ಪುವುದಿಲ್ಲ ಎಂದು ಹಿಂದಿನ ದಿನ ತಮ್ಮತಮ್ಮಲ್ಲೇ ಆಣೆಯಿಟ್ಟವರೂ ಅಲ್ಲಿದ್ದರು. ಒಬ್ಬರೂ ಏಳಲಿಲ್ಲ. ನಮ್ಮ ಮಂತ್ರಿಯೂ ಏಳಲಿಲ್ಲ.

“ಹಾಗಾದರೆ ನೀನೂ ಒಪ್ಪಿದೆ,” ಎಂದ ಅಧ್ಯಕ್ಷ.

“ನಾನು ಕೂತಿರುವುದು ನೀವು ಕೊಟ್ಟದ್ದರ ಮೇಲಲ್ಲ, ಅದಕ್ಕೇ ಏಳಲಿಲ್ಲ. ಕೂತೇ ಹೇಳುತ್ತೇನೆ. ನಾನು ಒಪ್ಪುವುದಿಲ್ಲ.”

ಅವನನ್ನು ಎಳೆದೊಯ್ದು ಸೆರೆಗೆ ಹಾಕಿದರು, ಮಣೆಯನ್ನು ಒಲೆಗೆ ಹಾಕಿದರು. ಸೆರೆಮನೆಯ ಬಡಗಿ ಕೆಲಸದಲ್ಲಿ ಅವನು ಇನ್ನೊಂದು ಮಣೆ ಕೆತ್ತಿಕೊಂಡ. ಕುರ್ಚಿ ಉಳಿಸಿಕೊಂಡ ಹಣಕಾಸಿನ ಮಂತ್ರಿ ಅಧ್ಯಕ್ಷನ ಸಂಶಯಕ್ಕೆ ಸಿಕ್ಕಿ ಅದೇ ಸೆರೆಗೆ ಬಂದ. ಮಣೆ ಕೆತ್ತುವುದನ್ನು ನನಗೂ ಹೇಳಿಕೊಡು ಎಂದು ಬೇಡಿದ. ಕೈ ಕಲಿಯುವ ಮೊದಲೇ ತೀರಿಕೊಂಡ. ಸೈನ್ಯ ತಿರುಗಿಬಿದ್ದಾಗ ಅಧ್ಯಕ್ಷ ಪರದೇಶಕ್ಕೆ ಓಡಿ, ಯಾರದೋ ಹಂಗಿನ ಮನೆಯಲ್ಲಿ ಸತ್ತ. ದೇಶಕ್ಕೆ ಮತ್ತೆ ಚುನಾವಣೆ ಬಂತು. ತಲೆ ನರೆತು ಸೆರೆಯಿಂದ ಹೊರಬಂದ ನಮ್ಮ ಮಂತ್ರಿ ಗೆದ್ದು ಮತ್ತೆ ಸಭೆಗೆ ಹೋದ, ಸೆರೆಯಲ್ಲಿ ಕೆತ್ತಿದ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು.

ಕತೆ ಮುಗಿಸಿ ಗುರವ್ವ ಶಿಷ್ಯೆಯ ಮುಖ ನೋಡಿದಳು.

“ನಾಳೆ ಪಂಚಾಯಿತಿಗೆ ಹೋಗ್ತೀಯಲ್ಲ ಮಗಳೆ, ಕೂರೋಕೆ ಏನು ತಗೊಂಡು ಹೋಗ್ತೀಯ?”