ದೊರೆಯ ಉಳಿಗೆ ಸಿಗದ ಹೊದಿಕೆ

"ಮಣೆ ಒಂದನ್ನ ಮಾತ್ರ ಯಾರಿಗೂ ಕೊಡಬೇಡಿ."

ನನ್ನ ಹೆಂಡತಿ ಗಿರಿಯಮ್ಮ ಕಡೇದಾಗಿ ಆಡಿದ ಮಾತು ಇದು. ಆಮೇಲೆ ಗೋಡೆ ಕಡೆ ಹೊರಳಿದಳು. ಹೋದಳು.

ನನ್ನ ಗುಣ ಅವಳಿಗೆ ಗೊತ್ತಿತ್ತು. ಕೇಳಿದವರಿಗೆ ಇಲ್ಲ ಅನ್ನೋ ಬಾಯಿ ನನಗಿಲ್ಲ. ಕೊಡಲಿ ಕೊಟ್ಟೆ, ಏಣಿ ಕೊಟ್ಟೆ. ಒಂದು ಸಲ ಮದುವೆ ಮನೆಯವರು ಹಲಗೆ ಸಾಲದು ಅಂದಾಗ ನಮ್ಮ ಬಾಗಿಲನ್ನೇ ಕಿತ್ತು ಕೊಟ್ಟಿದ್ದೆ. ಅವತ್ತು ನಮ್ಮ ನಡುಮನೇಲಿ ಊರ ನಾಯಿ ಮಲಗಿತ್ತು.

ಮಣೆ ಅಂದರೆ ನನ್ನ ಕೆಲಸದ ಮಣೆ. ಅಗಲವಾದ ಒಂದೇ ಹಲಸಿನ ಹಲಗೆ, ಗಿಡ್ಡ ಕಾಲು. ಈಚೆ ಕೂತು ನಾನು ಗೊಂಬೆ ಕೆತ್ತುತ್ತಿದ್ದೆ. ಆಚೆ ಕೂತು ಅವಳು ಬಣ್ಣ ಹಚ್ಚುತ್ತಿದ್ದಳು.

ನಾನು ಹೊಳೆಗುಡ್ಡದ ಅರಮನೆಗೆ ಗೊಂಬೆ ಮಾಡೋ ಮುದ್ದಾಚಾರಿ. ನಮ್ಮ ದೊರೆ ಕೆಂಚಣ್ಣನಾಯಕರಿಗೆ ಅವಳು ಹೋದ ವರ್ಷ ಕೆತ್ತನೆ ಹುಚ್ಚು ಹಿಡಿಯಿತು. ಆನೆ ಕೆತ್ತುತ್ತೇನೆ ಅಂತ ಕೂತರು. ಆನೆ ಹಂದಿಯಾಯಿತು. ಹಂದಿ ಇಲಿಯಾಯಿತು. ಇಲಿಯೂ ಮುರಿಯಿತು. ಕೊನೆಗೆ ಉಳಿ ಜಾರಿ ರಾಣಿಯವರ ತೂಗುಮಂಚಕ್ಕೆ ಬಿತ್ತು.

"ಇನ್ನೊಂದು ಸಾಮಾನು ಮುಟ್ಟಿದರೆ ನಾನು ತವರಿಗೆ ಹೋಗ್ತೀನಿ" ಅಂದರು ರಾಣಿಯವರು.

ದೊರೆ ಸೀದಾ ನಮ್ಮ ಮನೆಗೆ ಬಂದರು. ಮಣೆ ನೋಡಿದರು. ಕೈಯಲ್ಲಿ ತಟ್ಟಿದರು.

"ಆಚಾರಿ, ನಮ್ಮ ಕೆತ್ತನೆಗೆ ಇದು ಅರಮನೆಗೆ ಬರಲಿ."

ನಾನು ಮಣೆಗೆ ಅಡ್ಡ ನಿಂತೆ.

"ಬುದ್ಧಿ, ಇದು ಹಳೇದು. ಹೊಸದು ಮಾಡಿಕೊಡ್ತೀನಿ. ಮೇಲೆ ಗಟ್ಟಿ ಹೊದಿಕೇನೂ ಹಾಕಿಕೊಡ್ತೀನಿ."

"ಹೊದಿಕೆಯಂತೆ!" ದೊರೆ ನಕ್ಕರು. "ತೊಗಲು ಹಾಕಿಸಿದೆ, ಸೀಳಿತು. ತಗಡು ಹಾಕಿಸಿದೆ, ತೂತಾಯಿತು. ಕಲ್ಲು ಹಾಕಿಸಿದೆ, ಬಿರುಕು ಬಿಟ್ಟಿತು. ನಮ್ಮ ಉಳಿ ತಡೆಯೋ ಹೊದಿಕೆ ಭೂಮಿ ಮೇಲೆ ಹುಟ್ಟಿಲ್ಲ ಕಣೋ."

"ನಾನು ತಂದರೆ?"

"ತಂದರೆ ಮಣೆ ನಿನಗೇ ಇರಲಿ. ಕೇಳಿದ್ದನ್ನೂ ಕೊಡ್ತೀನಿ. ಹೊತ್ತು ಮುಳುಗೋದರೊಳಗೆ ಹೊದಿಕೆ ಮೇಲೆ ನಮ್ಮ ಉಳಿಯ ಒಂದು ಗೀರು ಬಿದ್ದರೂ ಮಣೆ ನಮ್ಮದು. ದಿನ ನೀನೇ ಹೇಳು."

ನಾನು ಬೆರಳು ಮಡಿಸಿ ದಿನ ಎಣಿಸಿದೆ.

"ಮಹಾನವಮಿ ದಿನ ಆಗಬಹುದಾ ಬುದ್ಧಿ?"

"ಸೈ! ಅವತ್ತು ಸುತ್ತಲ ಪಾಳೆಯಗಾರರೆಲ್ಲ ಬಂದಿರ್ತಾರೆ. ನಮ್ಮ ಕೈಚಳಕ ಅವರೂ ನೋಡಲಿ."

ಸುದ್ದಿ ಊರೆಲ್ಲ ಹರಡಿತು. ಕಮ್ಮಾರ ಮಾರಪ್ಪ ಓಡಿ ಬಂದ.

"ಕಬ್ಬಿಣದ ಹಾಳೆ ಹಾಕು ಮುದ್ದಣ್ಣ. ದಪ್ಪಂದು ಬಡಿದುಕೊಡ್ತೀನಿ."

"ಉಳಿ ಬಾಯಿ ಮೊಂಡಾಗಿ ಹೋಗುತ್ತಲ್ಲೋ."

"ಹೋಗಲಿ, ಅದು ದೊರೆ ಉಳಿ."

"ಉಳಿ ಯಾರದಾದರೂ ಉಳಿಯೇ" ಅಂದೆ. "ನಾನು ಬೇರೆ ನೋಡಿಟ್ಟಿದ್ದೀನಿ."

"ಏನದು?"

"ಮೆತ್ತಗಿರೋದು."

ಮಾರಪ್ಪ ಹಣೆ ಚಚ್ಚಿಕೊಂಡು ಹೋದ.

ನವಮಿ ಬಂತು. ಅರಮನೆ ಆಳುಗಳು ಬೆಳಗ್ಗೇನೇ ಬಂದು ಮಣೆ ಹೊತ್ತುಕೊಂಡು ಹೋದರು. ದೊರೆಗೆ ಗೆಲ್ಲೋ ನಂಬಿಕೆ ಅಷ್ಟಿತ್ತು. ಬರಿದಾದ ಜಾಗ ನೋಡಿ ನನಗೆ ಗಂಜಿ ಇಳಿಯಲಿಲ್ಲ.

ಸಭೆ ತುಂಬಿತ್ತು. ನಾನು ಕಂಕುಳಲ್ಲಿದ್ದ ಸುರುಳಿ ಬಿಚ್ಚಿ ಮಣೆ ಮೇಲೆ ಹಾಸಿದೆ.

ಎಳೇ ಬಾಳೆಎಲೆ.

ಸಭೆ ಗೊಳ್ಳೆಂದಿತು. ಒಬ್ಬ ಪಾಳೆಯಗಾರ ಮೀಸೆ ಒರೆಸಿಕೊಂಡು, "ಪಾಯಸ ಎಲ್ಲಯ್ಯಾ?" ಅಂದ.

ದೊರೆ ಅಂಗಿ ತೋಳು ಮಡಿಸಿದರು. ಕೈ ಚಾಚಿದರು.

"ತನ್ನಿರೋ ನಮ್ಮ ಉಳಿ!"

ಯಾರೂ ಕದಲಲಿಲ್ಲ. ಅರಮನೆ ಜೋಯಿಸರು ಪಂಚೆ ಎತ್ತಿ ಹಿಡಿದು ಓಡಿಬಂದರು.

"ಮಹಾಸ್ವಾಮಿ! ಉಳಿ ಪೂಜೆಗೆ ಕೂತಿದೆ! ಪಟ್ಟದ ಕತ್ತಿ ಪಕ್ಕದಲ್ಲೇ. ಇವತ್ತು ಆಯುಧಪೂಜೆ. ತಾವೇ ಕುಂಕುಮ ಇಟ್ಟಿರಿ. ನಾಳೆ ಬೆಳಗಿನ ಪೂಜೆ ಆಗೋವರೆಗೂ ಎತ್ತೋ ಹಾಗಿಲ್ಲ."

ದೊರೆ ಮುಖ ಬಾಡಿತು.

"ಊರಲ್ಲಿ ಬೇರೆ ಉಳಿ ಇಲ್ಲವೇನ್ರೀ?"

"ಮನೆಮನೇಲೂ ಇವೆ ಬುದ್ಧಿ" ಅಂದೆ. "ಎಲ್ಲಾ ಪೂಜೆಗೆ ಕೂತಿವೆ. ನಂದೂ ಕೂತಿದೆ."

ದೊರೆ ಪಾಳೆಯಗಾರರ ಕಡೆ ನೋಡಿದರು. ಪಾಳೆಯಗಾರರು ತಮ್ಮ ಬರಿದಾದ ಸೊಂಟ ನೋಡಿಕೊಂಡರು. ಅವರ ಕತ್ತಿಗಳೂ ಪೂಜೆಗೆ ಕೂತಿದ್ದವು.

ಮಧ್ಯಾಹ್ನವಾಯಿತು. ದೊರೆಗೆ ಹಸಿವು.

"ಆ ಎಲೇಲೇ ಬಡಿಸ್ರೋ, ಅತ್ಲಾಗೆ ಮುಗಿಯಲಿ."

"ಬೇಡಿ ಬುದ್ಧಿ. ಅದು ಪರೀಕ್ಷೇಲಿದೆ."

ಹೊತ್ತು ಮುಳುಗಿತು. ಎಲೆ ಬಾಡಿತ್ತು. ಉಳಿಯ ಗೀರು ಒಂದೂ ಇರಲಿಲ್ಲ. ದೊರೆ ಬಗ್ಗಿ ನೋಡಿದರು, ತಿರುಗಿಸಿ ನೋಡಿದರು. ಕಣ್ಣು ಕೆಂಪಗಿದ್ದವು.

"ಎಲಾ ಆಚಾರಿ, ನಾಳೆ ಬೆಳಗ್ಗೆ ನಾನು ಉಳಿ ಎತ್ತಿದರೆ ಈ ನಿನ್ನ ಹೊದಿಕೆ ಗತಿ ಏನೋ?"

"ನಾಳೆ ಬೆಳಗಿನ ಹೊತ್ತಿಗೆ ಅದನ್ನ ಹಸು ತಿಂದಿರುತ್ತೆ, ಬುದ್ಧಿ."

ಮೊದಲು ನಕ್ಕಿದ್ದು ಪರದೆ ಹಿಂದೆ ಕೂತಿದ್ದ ರಾಣಿಯವರು. ಆಮೇಲೆ ದೊರೆಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗೆದ್ದೆ ಹೋಗು. ಈಗ ನಿಜ ಹೇಳು. ಮಣೆಗೆ ಬಾಳಿಕೆ ಬರೋ ಹೊದಿಕೆ ಯಾವುದು?"

"ಎಮ್ಮೆ ತೊಗಲು ಬುದ್ಧಿ. ದಪ್ಪಂದು. ಉಳಿ ಬಾಯಿ ಹೋಗಲ್ಲ. ವರ್ಷಗಟ್ಟಲೆ ಬರುತ್ತೆ."

"ಅದನ್ನ ಸೀಳಿ ಹಾಕಿದ್ದೀನಲ್ಲೋ!"

"ಅದು ತೊಗಲಿನ ತಪ್ಪಲ್ಲ ಬುದ್ಧಿ."

ದೊರೆ ಮತ್ತೆ ನಕ್ಕರು. "ಏನು ಬೇಕು, ಕೇಳು" ಅಂದರು. ನಾನು ಒಂದು ಒಳ್ಳೇ ತೊಗಲು ಕೇಳಿದೆ. ಇಡೀ ಎಮ್ಮೆಯ ತೊಗಲೇ ಕೊಟ್ಟರು. ಆಳುಗಳು ಮಣೇನ ವಾಪಸು ತಂದು, ಇದ್ದ ಜಾಗದಲ್ಲೇ ಇಳಿಸಿದರು.

ಮಾರನೇ ದಿನ ಬೆಳಗ್ಗೆ ಪೂಜೆ ಮುಗಿಸಿ ಉಳಿ ಎತ್ತಿಕೊಂಡೆ. ತೊಗಲು ನೆನೆಸಿ, ಅಳತೆಗೆ ಕುಯ್ದು, ಅಂಚಿಗೆ ಮೊಳೆ ಹೊಡೆದೆ. ನನ್ನ ಕಡೆ ಅರ್ಧಕ್ಕೆ ಮಾತ್ರ. ಆ ಕಡೆ ಅರ್ಧಕ್ಕೆ ಹೊಡೆಯಲಿಲ್ಲ. ಅಲ್ಲಿ ಗಿರಿಯಮ್ಮ ಚೆಲ್ಲಿದ ಬಣ್ಣ ಹಾಗೇ ಇತ್ತು.